ಫೋನಿನ ಜಗಳದಿಂದ ನಾಲೆಗೆ ನೀರು ಬರುತ್ತದೆಯೇ?

ಈ ತಿಂಗಳು ನಮ್ಮ ಗೋಡೆ ಪತ್ರಿಕೆಯಲ್ಲಿ ‘ನನ್ನ ಅಭಿಪ್ರಾಯ’ ಬರೆಯುವ ಸರದಿ ನನ್ನದು. ಗಿಡ ನೆಡುವುದು, ಸ್ವಚ್ಛತೆ, ಸಮಯದ ಬೆಲೆ ಇವೆಲ್ಲ ಆಗಲೇ ಬಂದು ಹೋಗಿವೆ. ಅದಕ್ಕೇ ನಾನು ನಮ್ಮೆಲ್ಲರ ಮನೆಯಲ್ಲೂ ದಿನಾ ನಡೆಯುವ, ಆದರೆ ಯಾರೂ ಬರೆಯದ ಒಂದು ವಿಷಯ ಆರಿಸಿಕೊಂಡಿದ್ದೇನೆ. ದೊಡ್ಡವರು ಫೋನಿನಲ್ಲಿ ಆಡುವ ಜಗಳ. ಚುನಾವಣೆ ಬಂದರೆ ಜಗಳ, ಯಾವುದೋ ದೇಶದಲ್ಲಿ ಯುದ್ಧವಾದರೆ ಜಗಳ, ಕಾವೇರಿ ನೀರು ಬಿಟ್ಟರಂತೂ ಕೇಳಲೇಬೇಡಿ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂದು ನಾವು ಗಾದೆ ವಿಸ್ತರಿಸಿ ಐದು ಅಂಕ ತೆಗೆದುಕೊಳ್ಳುತ್ತೇವೆ. ಆದರೆ ಆ ಗಾದೆ ಫೋನಿನೊಳಗೆ ಹೋಗಿಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನೂ ಮಂಡ್ಯ ಜಿಲ್ಲೆಯವಳೇ. ನಮಗೂ ಗದ್ದೆ ಇದೆ. ನಾಲೆಯಲ್ಲಿ ನೀರು ಬಾರದಿದ್ದರೆ ನಮ್ಮ ಮನೆಯಲ್ಲಿ ಆ ವರ್ಷ ಏನಾಗುತ್ತದೆ ಅಂತ ನನಗೆ ಗೊತ್ತು. ಹಾಗಾಗಿ ‘ಇವಳಿಗೇನು ಗೊತ್ತು ನೀರಿನ ಕಷ್ಟ’ ಅಂತ ಯಾರೂ ಅನ್ನಬೇಡಿ. ವಾದ ಮಾಡಬಾರದು ಎಂದು ನಾನು ಹೇಳುತ್ತಿಲ್ಲ. ವಾದ ಮಾಡಲೇಬೇಕು. ಆದರೆ ಹೇಗೆ ಮಾಡಬೇಕು ಅನ್ನುವುದೇ ನನ್ನ ಲೇಖನ.

2023ರಲ್ಲಿ ಮಳೆ ಕೈಕೊಟ್ಟಿತು. ಸೆಪ್ಟೆಂಬರ್ ತಿಂಗಳಲ್ಲಿ ಕನ್ನಂಬಾಡಿ ಕಟ್ಟೆಯ ನೀರು 100 ಅಡಿಗಿಂತ ಕೆಳಗೆ ಇತ್ತು. ಕಟ್ಟೆ ತುಂಬಿದರೆ 124.80 ಅಡಿ. ದಿನಕ್ಕೆ 5,000 ಕ್ಯೂಸೆಕ್‌ನಂತೆ 15 ದಿನ ತಮಿಳುನಾಡಿಗೆ ನೀರು ಬಿಡಬೇಕು ಎಂದು ಆದೇಶ ಬಂತು. ಸೆಪ್ಟೆಂಬರ್ 29ರಂದು ಕರ್ನಾಟಕ ಬಂದ್ ಆಯಿತು. ಆಗ ನಾನು ಐದನೇ ತರಗತಿ. ನಮ್ಮಣ್ಣನ ಫೋನಿನಲ್ಲಿ ಊರಿನ ಹುಡುಗರ ಒಂದು ವಾಟ್ಸಾಪ್ ಗುಂಪು ಇದೆ. ಅದರಲ್ಲಿ ಒಬ್ಬಣ್ಣ ‘5,000 ಟಿ.ಎಂ.ಸಿ. ಬಿಡ್ತಾವ್ರೆ, ಇನ್ನು ನಮ್ಗೆ ಮಣ್ಣೇ ಗತಿ’ ಅಂತ ಹಾಕಿದ್ದರು. ಗುಂಪಿನಲ್ಲಿ ಅರವತ್ತು ಜನ ಇದ್ದರೂ ಒಬ್ಬರಾದರೂ ‘ಅಣ್ಣಾ, ಅದು ಟಿ.ಎಂ.ಸಿ. ಅಲ್ಲ, ಕ್ಯೂಸೆಕ್’ ಅನ್ನಲಿಲ್ಲ. ಎಲ್ಲರೂ ಹೆಬ್ಬೆರಳು ಎತ್ತಿದರು. ಆಮೇಲೆ ಒಬ್ಬರಿಗಿಂತ ಒಬ್ಬರು ಜೋರಾಗಿ ಬೈದರು. ಆ ಬೈಗುಳ ನಾನು ಇಲ್ಲಿ ಬರೆದರೆ ಮೇಷ್ಟ್ರು ಈ ಹಾಳೆಯನ್ನೇ ಕಿತ್ತು ಹಾಕುತ್ತಾರೆ.

ಈಗ ಲೆಕ್ಕ ನೋಡೋಣ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ ನೀರು. ಒಂದು ಘನ ಅಡಿ ಎಂದರೆ ಸುಮಾರು 28 ಲೀಟರ್, ನಮ್ಮ ಮನೆಯ ಬಿಂದಿಗೆಯಲ್ಲಿ ಹೆಚ್ಚುಕಡಿಮೆ ಎರಡು ಬಿಂದಿಗೆ. ಒಂದು ಕ್ಯೂಸೆಕ್ ಎಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ ಹರಿಯುವುದು. ಅಂದರೆ ಟಿ.ಎಂ.ಸಿ. ನಿಂತ ನೀರಿನ ಅಳತೆ, ಕ್ಯೂಸೆಕ್ ಹರಿಯುವ ನೀರಿನ ಅಳತೆ. ಒಂದು ದಿನಕ್ಕೆ 86,400 ಸೆಕೆಂಡು. 5,000 ಕ್ಯೂಸೆಕ್ ನೀರು 15 ದಿನ ಹರಿದರೆ 5,000 × 86,400 × 15 = 648 ಕೋಟಿ ಘನ ಅಡಿ. ಅದು 6.48 ಟಿ.ಎಂ.ಸಿ. ಇದು ನಮ್ಮ ಗಣಿತದ ಪುಸ್ತಕದಲ್ಲಿರುವ ಗುಣಾಕಾರವೇ. ಇಡೀ ಕಾವೇರಿ ಕಣಿವೆಯಲ್ಲಿ ಒಂದು ವರ್ಷಕ್ಕೆ ಸಿಗುವ ನೀರು 740 ಟಿ.ಎಂ.ಸಿ. ಎಂದು ನ್ಯಾಯಮಂಡಳಿ 2007ರಲ್ಲಿ ಲೆಕ್ಕ ಹಾಕಿದೆ. ಇನ್ನು 5,000 ಟಿ.ಎಂ.ಸಿ. ಎಲ್ಲಿಂದ ಬರಬೇಕು? ಆರು ಕಾವೇರಿ ಹರಿದರೂ ಬರುವುದಿಲ್ಲ.

6.48 ಟಿ.ಎಂ.ಸಿ. ಕಡಿಮೆಯೇನಲ್ಲ. ಬರಗಾಲದಲ್ಲಿ ಅದೂ ನೋವೇ. ಆ ನೋವನ್ನು ಸರಿಯಾದ ಲೆಕ್ಕದಲ್ಲೇ ಹೇಳಿದ್ದರೆ ಕೇಳುವವರು ಕೇಳುತ್ತಿದ್ದರು. ಸುಳ್ಳು ಲೆಕ್ಕ ಹೇಳಿದರೆ ನಮ್ಮ ನಿಜವಾದ ಕಷ್ಟವೂ ಸುಳ್ಳಿನ ಹಾಗೆ ಕಾಣುತ್ತದೆ. ಇದು ನನ್ನ ಮೊದಲನೇ ಮಾತು.

ಎರಡನೇ ಮಾತು ಬಹಳ ಮುಖ್ಯವಾದುದು. ಫೋನಿನಲ್ಲಿ ಜಗಳ ಆಡುವವರು ಒಬ್ಬರು, ಏಟು ತಿನ್ನುವವರು ಇನ್ನೊಬ್ಬರು.

2016ರಲ್ಲಿ ಏನಾಯಿತು ಎಂದು ಗುರುಗಳಿಗೆ ಚೆನ್ನಾಗಿ ಗೊತ್ತು. ಆಗ ನಾವೆಲ್ಲ ಅಂಗನವಾಡಿಯಲ್ಲಿ ಇದ್ದೆವು. ಆ ವರ್ಷ ಸೆಪ್ಟೆಂಬರ್ 5ರಂದು ದಿನಕ್ಕೆ 15,000 ಕ್ಯೂಸೆಕ್‌ನಂತೆ 10 ದಿನ ನೀರು ಬಿಡಿ ಎಂದು ಸುಪ್ರೀಂ ಕೋರ್ಟ್ ಹೇಳಿತು. 9ನೇ ತಾರೀಖು ಕರ್ನಾಟಕ ಬಂದ್. ಬೆಂಗಳೂರಿನಲ್ಲಿ ಓದುತ್ತಿದ್ದ ಒಬ್ಬ ತಮಿಳು ಹುಡುಗ ನಮ್ಮ ಕನ್ನಡದ ನಟರನ್ನು ಗೇಲಿ ಮಾಡಿ ಫೇಸ್‌ಬುಕ್‌ನಲ್ಲಿ ಹಾಕಿದ. ಅವನನ್ನು ಹುಡುಕಿ ಹಿಡಿದು ಹೊಡೆದರು. ಹೊಡೆಯುವುದನ್ನು ವಿಡಿಯೋ ಮಾಡಿದರು. ಆ ವಿಡಿಯೋ ತಮಿಳುನಾಡಿಗೆ ಹೋಯಿತು. ಅಲ್ಲಿ ರಾಮೇಶ್ವರದಲ್ಲಿ ಕರ್ನಾಟಕದ ಗಾಡಿಯ ಚಾಲಕರಿಗೆ ಹೊಡೆದರು. ಅದರದ್ದೂ ವಿಡಿಯೋ ಬಂತು. ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ತಮಿಳುನಾಡಿನ ನಂಬರ್ ಇದ್ದ ಲಾರಿ, ಬಸ್ಸು ಎಲ್ಲಕ್ಕೂ ಬೆಂಕಿ ಬಿತ್ತು. ಒಂದೇ ಕಡೆ ನಿಂತಿದ್ದ ನಲವತ್ತಕ್ಕೂ ಹೆಚ್ಚು ಬಸ್ಸು ಸುಟ್ಟು ಬೂದಿಯಾದವು. ಆ ಗಲಭೆಯಲ್ಲಿ ಇಬ್ಬರು ಪ್ರಾಣ ಕಳೆದುಕೊಂಡರು. ಇಷ್ಟೆಲ್ಲ ಆದ ಮೇಲೆ ಒಂದು ಹನಿ ನೀರಾದರೂ ಈ ಕಡೆಗೋ ಆ ಕಡೆಗೋ ಹೆಚ್ಚು ಹೋಯಿತೇ? ಸುಟ್ಟ ಬಸ್ಸಿನ ಚಾಲಕ ನೀರು ಬಿಡು ಅಂದವನಲ್ಲ. ರಾಮೇಶ್ವರದಲ್ಲಿ ಏಟು ತಿಂದವರು ನೀರು ಬಿಡಬೇಡ ಅಂದವರೂ ಅಲ್ಲ. ಅವರು ಸ್ಟೇರಿಂಗ್ ಹಿಡಿದು ಹೊಟ್ಟೆ ಹೊರೆಯುವವರು.

ನಮ್ಮ ಸೋದರಮಾವ ಲಾರಿ ಓಡಿಸುತ್ತಾರೆ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಲೋಡು ತುಂಬಿಕೊಂಡು ಹೊರ ರಾಜ್ಯಕ್ಕೆ ಹೋಗುತ್ತಾರೆ. ಕಾವೇರಿ ಗಲಾಟೆ ಶುರುವಾದರೆ ನಮ್ಮತ್ತೆ ಟಿ.ವಿ. ಮುಂದೆ ಕೂರುತ್ತಾರೆ, ಊಟ ಮಾಡುವುದಿಲ್ಲ. ಯಾಕೆಂದರೆ ಲಾರಿಯ ಮುಂದೆ ಕೆ.ಎ. ಅಂತ ದೊಡ್ಡದಾಗಿ ಬರೆದಿದೆ. ಅದನ್ನು ಅಳಿಸಲು ಆಗುವುದಿಲ್ಲ. ಊರಿನಲ್ಲಿ ಜಗುಲಿ ಮೇಲೆ ಕೂತು ‘ಒಬ್ಬೊಬ್ರನ್ನೂ ಬುಡಬಾರ್ದು ಕಣ್ರಲಾ’ ಅಂತ ಫೋನಿನಲ್ಲಿ ಒತ್ತುವ ಅಣ್ಣನಿಗೆ ನಂಬರ್ ಪ್ಲೇಟ್ ಇಲ್ಲ. ಅವನ ಮಾತಿಗೆ ಅಲ್ಲಿ ಯಾರೋ ಕಲ್ಲು ಎತ್ತಿಕೊಂಡರೆ ಅದು ನಮ್ಮ ಮಾವನ ಗಾಜಿಗೆ ಬೀಳುತ್ತದೆ. ಅಲ್ಲಿನವರಿಗೂ ಹೀಗೇ. ಹೊಸೂರಿನಲ್ಲೋ ಸೇಲಂನಲ್ಲೋ ನನ್ನಂಥ ಒಬ್ಬಳು ಹುಡುಗಿಯ ಮಾವ ಬೆಂಗಳೂರಿಗೆ ಲಾರಿ ತರುತ್ತಿರಬಹುದು. ಅವಳ ಅತ್ತೆಯೂ ಊಟ ಬಿಡುತ್ತಿರಬಹುದು.

ಇದನ್ನು ಓದಿ ಕೆಲವರು ‘ಅದಕ್ಕೇ ಹೇಳೋದು, ಈ ಫೋನೇ ಹಾಳು, ಕಿತ್ತು ಬಾವಿಗೆ ಹಾಕ್ಬೇಕು’ ಅನ್ನಬಹುದು. ನಮ್ಮ ತಾತ ಹಾಗೇ ಅಂತಾರೆ. ನಾನು ಒಪ್ಪುವುದಿಲ್ಲ. ಒಂದು ಕಾರಣ, 1991ರ ಡಿಸೆಂಬರ್‌ನಲ್ಲಿ ಮಧ್ಯಂತರ ತೀರ್ಪಿನ ಸಮಯದಲ್ಲಿ ಬೆಂಗಳೂರಿನಲ್ಲೂ ಸುತ್ತಮುತ್ತಲೂ ಇದಕ್ಕಿಂತ ಘೋರವಾದ ಗಲಭೆ ಆಗಿತ್ತು. ಎಷ್ಟೋ ತಮಿಳು ಮನೆಗಳವರು ಊರು ಬಿಟ್ಟು ಓಡಿದರು. ಆಗ ಯಾರ ಕೈಯಲ್ಲಿ ಇಂಥ ಫೋನು ಇತ್ತು? ಗಾಳಿಸುದ್ದಿಗೆ ಕಾಲು ಇತ್ತು, ಈಗ ರೆಕ್ಕೆ ಬಂದಿದೆ ಅಷ್ಟೆ. ದ್ವೇಷ ಮನುಷ್ಯನ ಮನಸ್ಸಿನಲ್ಲಿ ಇರುತ್ತದೆ.

ಇನ್ನೊಂದು ಕಾರಣ ಹೇಳಿದರೆ ಊರಿನ ದೊಡ್ಡವರಿಗೆ ಕೋಪ ಬರಬಹುದು. ಆದರೂ ಹೇಳುತ್ತೇನೆ. ‘ನಮ್ಮ ಕಾಲದಲ್ಲಿ ಅರಳಿಕಟ್ಟೆ ಮೇಲೆ ಕೂತು ಮುಖ ನೋಡಿ ಮಾತಾಡ್ತಿದ್ವಿ, ಅದು ಚರ್ಚೆ’ ಅಂತಾರೆ. ಸರಿ. ಆ ಕಟ್ಟೆ ಮೇಲೆ ನಮ್ಮಮ್ಮ ಯಾವತ್ತಾದರೂ ಕೂತಿದ್ದಾರಾ? ನಮ್ಮಜ್ಜಿ ಕೂತಿದ್ದರಾ? ಕಟ್ಟೆ ಮುಂದೆ ನೀರು ಹೊತ್ತುಕೊಂಡು ಹೋಗುವಾಗ ತಲೆ ಬಗ್ಗಿಸಿಕೊಂಡು ಹೋಗುತ್ತಿದ್ದರು. ಈಗ ನಮ್ಮಮ್ಮ ಸ್ತ್ರೀಶಕ್ತಿ ಸಂಘದ ಗುಂಪಿನಲ್ಲಿ ‘ನಮ್ಮ ಬೀದಿ ನಲ್ಲಿಗೆ ನಾಲ್ಕು ದಿನದಿಂದ ನೀರು ಬಂದಿಲ್ಲ, ಪಂಚಾಯ್ತಿಯವರು ಏನು ಮಾಡ್ತಿದ್ದೀರಿ’ ಅಂತ ಧೈರ್ಯವಾಗಿ ಹಾಕುತ್ತಾರೆ. ಫೋನನ್ನು ಬಾವಿಗೆ ಹಾಕಿದರೆ ಅಮ್ಮನ ಈ ಮಾತೂ ಬಾವಿಗೆ ಬೀಳುತ್ತದೆ.

ಸಮಾಜ ವಿಜ್ಞಾನದಲ್ಲಿ ನಾವು ಮೂಲಭೂತ ಹಕ್ಕು ಓದಿದ್ದೇವೆ. ನಮ್ಮ ಸಂವಿಧಾನದ 19ನೇ ವಿಧಿ ವಾಕ್ ಸ್ವಾತಂತ್ರ್ಯ ಕೊಟ್ಟಿದೆ. ಅಂತರ್ಜಾಲದಲ್ಲಿ ಕಿರಿಕಿರಿ ಆಗುವ ಮಾತು ಬರೆದರೂ ಜೈಲಿಗೆ ಹಾಕಬಹುದು ಎಂಬ 66ಎ ಎನ್ನುವ ಕಾನೂನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ಅಂದರೆ ಫೋನಿನಲ್ಲಿ ಬರೆಯುವುದೂ ಮಾತಾಡುವ ಹಕ್ಕೇ. ಆದರೆ ಅದೇ 19ನೇ ವಿಧಿ ಗಲಭೆ ಎಬ್ಬಿಸುವ ಮಾತಿಗೆ ಮಿತಿ ಹಾಕಬಹುದು ಎಂದೂ ಹೇಳಿದೆ. ಮೂಲಭೂತ ಕರ್ತವ್ಯದ ಪಟ್ಟಿಯಲ್ಲಿ ಭಾಷೆ, ಪ್ರದೇಶಗಳ ಭೇದ ಮೀರಿ ಸಹೋದರತೆ ಬೆಳೆಸಬೇಕು ಎಂದಿದೆ. ನಾವು ಹಕ್ಕನ್ನು ಬಾಯಿಪಾಠ ಮಾಡುತ್ತೇವೆ, ಕರ್ತವ್ಯವನ್ನು ಎರಡು ಅಂಕದ ಪ್ರಶ್ನೆಗೆ ಬಿಡುತ್ತೇವೆ.

ಹಾಗಾದರೆ ಕಟ್ಟೆಯಲ್ಲಿ ಇದ್ದು ಫೋನಿನಲ್ಲಿ ಇಲ್ಲದ್ದು ಯಾವುದು? ನಾನು ತುಂಬ ಯೋಚನೆ ಮಾಡಿದೆ. ಎರಡು ವಿಷಯ ಹೊಳೆಯಿತು. ಒಂದು ಮುಖ. ಇನ್ನೊಂದು ನಾಳೆ. ಕಟ್ಟೆ ಮೇಲೆ ಮಾತು ಜಾಸ್ತಿಯಾದರೆ ಎದುರಿನವನ ಕಣ್ಣು ಕೆಂಪಾಗುವುದು ಕಾಣುತ್ತದೆ, ಪಕ್ಕದವನು ‘ಏ ಬುಡ್ಲಾ, ಬಾ ಟೀ ಕುಡ್ಯಾನ’ ಅಂತ ಎಬ್ಬಿಸಿಕೊಂಡು ಹೋಗುತ್ತಾನೆ. ಎಷ್ಟೇ ಜಗಳ ಆಡಿದರೂ ನಾಳೆ ಬೆಳಿಗ್ಗೆ ನಾಲೆ ಏರಿ ಮೇಲೆ ಅವನೇ ಎದುರು ಸಿಗುತ್ತಾನೆ. ಸುಗ್ಗಿಯಲ್ಲಿ ಅವನ ಎತ್ತೇ ಬೇಕು. ಫೋನಿನಲ್ಲಿ ಬೈದವನಿಗೆ ಎದುರಿನವನ ಮುಖವೂ ಇಲ್ಲ, ಅವನ ಜೊತೆ ನಾಳೆಯೂ ಇಲ್ಲ. ಅದಕ್ಕೇ ಬಾಯಿಗೆ ಬಂದದ್ದು ಬೆರಳಿಗೂ ಬರುತ್ತದೆ.

ನಮ್ಮೂರಿನ ನಾಲೆಯನ್ನೇ ನೋಡಿ. ನಮ್ಮದು ನಾಲೆಯ ಕೊನೇ ಭಾಗ. ಮೇಲಿನ ಊರಿನವರು ತೂಬಿಗೆ ಕಲ್ಲು ಇಟ್ಟು ನೀರು ತಿರುಗಿಸಿಕೊಂಡರೆ ನಮಗೆ ಬರುವುದಿಲ್ಲ. ಆಗ ನಮ್ಮಪ್ಪ ಏನಂತಾರೆ? ‘ಮೇಲಿರೋರು ಅಂತ ನೀರೆಲ್ಲ ಇವರಪ್ಪಂದಾ?’ ಅಂತಾರೆ. ಮೇಲಿನ ಊರಿನವರು ‘ನಮ್ ಗದ್ದೆ ತುಂಬ್ದೆ ಕೆಳಗೆ ಹೆಂಗೆ ಬುಡಾನ’ ಅಂತಾರೆ. ಈಗ ಯೋಚನೆ ಮಾಡಿ. ನಾವು ಮೇಲಿನವರಿಗೆ ಹೇಳುವ ಮಾತನ್ನೇ ತಂಜಾವೂರಿನವರು ನಮಗೆ ಹೇಳುತ್ತಾರೆ. ಮೇಲಿನವರು ನಮಗೆ ಹೇಳುವ ಮಾತನ್ನೇ ನಾವು ತಂಜಾವೂರಿನವರಿಗೆ ಹೇಳುತ್ತೇವೆ. ನಾಲೆ ಜಗಳ ನೀರುಗಂಟಿ ಬಂದು ಸರದಿ ಹಾಕಿಕೊಟ್ಟರೆ ಅರ್ಧ ದಿನದಲ್ಲಿ ಮುಗಿಯುತ್ತದೆ. ಯಾಕೆಂದರೆ ಎರಡೂ ಕಡೆಯವರು ಗದ್ದೆ ಬದುವಿನ ಮೇಲೆ ನಿಂತು, ಯಾರ ಪೈರು ಎಷ್ಟು ಒಣಗಿದೆ ಎಂದು ಕಣ್ಣಾರೆ ನೋಡುತ್ತಾರೆ.

ದೊಡ್ಡ ನದಿಯಲ್ಲೂ ಹೀಗೆ ಮಾಡಬಹುದೇ? ಒಮ್ಮೆ ಮಾಡಿದ್ದಾರೆ. 2003ರಲ್ಲಿ ‘ಕಾವೇರಿ ಕುಟುಂಬ’ ಎಂಬ ಸಮಿತಿ ಹುಟ್ಟಿತು. ಚೆನ್ನೈನ ಅಭಿವೃದ್ಧಿ ಅಧ್ಯಯನ ಸಂಸ್ಥೆಯವರು ಸೇರಿಸಿದ ಸಭೆಯಲ್ಲಿ ಎರಡೂ ರಾಜ್ಯದ ರೈತರು ಒಟ್ಟಿಗೆ ಕೂತರು. ಆ ಕಡೆಯ ರೈತರು ಇಲ್ಲಿಗೆ ಬಂದು ನಮ್ಮ ಗದ್ದೆ ನೋಡಿದರು, ನಮ್ಮ ಕಡೆಯವರು ಅಲ್ಲಿಗೆ ಹೋಗಿ ಅವರ ಗದ್ದೆ ನೋಡಿದರು. ಇದರಿಂದ ಜಗಳ ಪೂರ್ತಿ ಬಗೆಹರಿಯಲಿಲ್ಲ ಅನ್ನುವುದು ನಿಜ. 2007ರಲ್ಲಿ ನ್ಯಾಯಮಂಡಳಿ ತೀರ್ಪು, 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ತೀರ್ಪು ಎಲ್ಲ ಬೇಕಾಯಿತು. ಆ ತೀರ್ಪಿನಲ್ಲಿ ನಮ್ಮ ಪಾಲು 270ರಿಂದ 284.75 ಟಿ.ಎಂ.ಸಿ.ಗೆ ಏರಿತು. ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಬಿಳಿಗುಂಡ್ಲು ಬಳಿ ನಾವು ಬಿಡಬೇಕಾದ ನೀರು 192ರಿಂದ 177.25ಕ್ಕೆ ಇಳಿಯಿತು. ಇದು ಬಂದದ್ದು ಕೋರ್ಟಿನಲ್ಲಿ ವರ್ಷಗಟ್ಟಲೆ ಲೆಕ್ಕ ಇಟ್ಟು ವಾದ ಮಾಡಿದ್ದರಿಂದ. ಒಂದು ಬಸ್ಸು ಸುಟ್ಟದ್ದಕ್ಕೆ ಒಂದು ಹನಿಯೂ ಬರಲಿಲ್ಲ. ವಾದಕ್ಕೂ ಜಗಳಕ್ಕೂ ಇರುವ ವ್ಯತ್ಯಾಸ ಇದೇ ಎಂದು ನನಗೆ ಅನ್ನಿಸುತ್ತದೆ.

ಇನ್ನೊಂದು ತಮಾಷೆ ಗಮನಿಸಿ. 2025ರ ಜೂನ್ ತಿಂಗಳಲ್ಲೇ ಕನ್ನಂಬಾಡಿ ಕಟ್ಟೆ ತುಂಬಿತು. ಜೂನ್ 30ರಂದು ಮುಖ್ಯಮಂತ್ರಿಗಳು ಬಾಗಿನ ಬಿಟ್ಟರು. ಆಗ ಅಣ್ಣನ ಗುಂಪಿನಲ್ಲಿ ಕಾವೇರಿ ವಿಷಯ ಒಬ್ಬರಾದರೂ ಎತ್ತಿದರಾ? ಇಲ್ಲ. ಕ್ರಿಕೆಟ್ಟು, ಸಿನಿಮಾ, ಹುಟ್ಟುಹಬ್ಬದ ಶುಭಾಶಯ ಅಷ್ಟೆ. ಆದರೆ ನಿಜವಾಗಿ ಮಾತಾಡಬೇಕಾದ ಕಾಲ ಅದೇ. ಒಳ್ಳೆ ಮಳೆಯ ವರ್ಷ ಹಂಚಿಕೆ ಕಷ್ಟವಲ್ಲ. ಮಳೆ ಇಲ್ಲದ ವರ್ಷ ಯಾರು ಎಷ್ಟು ಕಡಿಮೆ ತೆಗೆದುಕೊಳ್ಳಬೇಕು, ಅದಕ್ಕೆ ‘ಸಂಕಷ್ಟ ಸೂತ್ರ’ ಬೇಕು ಎಂದು 2023ರಲ್ಲಿ ನಮ್ಮ ರಾಜ್ಯ ಕೇಳಿತು. ಇಂಥ ಸೂತ್ರವನ್ನು ಹೊಟ್ಟೆ ತುಂಬಿದಾಗ, ತಲೆ ತಣ್ಣಗಿದ್ದಾಗ ಕೂತು ಮಾಡಬೇಕು. ನಾವು ಬಾಯಾರಿದಾಗ ಬಾವಿ ತೋಡುವವರು.

ಕಾವೇರಿಯಾದರೂ ನಮ್ಮ ಗದ್ದೆಯ ವಿಷಯ. ದೂರದ ಯುದ್ಧದ ಬಗ್ಗೆಯೂ ಹೀಗೇ ಆಡುತ್ತಾರೆ. 2022ರಲ್ಲಿ ರಷ್ಯಾ ದೇಶ ಉಕ್ರೇನ್ ಮೇಲೆ ಯುದ್ಧಕ್ಕೆ ಹೋಯಿತು. ಫೋನಿನಲ್ಲಿ ‘ಯಾರು ಗೆಲ್ತಾರೆ’ ಅಂತ ಕಬಡ್ಡಿ ಪಂದ್ಯದ ಹಾಗೆ ವಾದ ನಡೆಯುತ್ತಿತ್ತಂತೆ. ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ನಮ್ಮ ಹಾವೇರಿ ಜಿಲ್ಲೆ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬರು ದಾಳಿಗೆ ಸಿಕ್ಕಿ ತೀರಿಕೊಂಡರು. ಊಟದ ಸಾಮಾನು ತರಲು ಹೊರಗೆ ಹೋಗಿದ್ದರು. ಅವರ ತಂದೆ ತಾಯಿ ಮಗನ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಅಷ್ಟು ದೊಡ್ಡ ದುಃಖದಲ್ಲೂ ಅವರು ಇನ್ನೊಬ್ಬರ ಮಕ್ಕಳು ಓದಲಿ ಅಂದರು. ‘ಇಲ್ಲಿ ಬಿಟ್ಟು ಅಲ್ಲಿಗೆ ಯಾಕೆ ಹೋದ’ ಅಂತ ಬರೆದವರೂ ಇದ್ದರಂತೆ. ಆ ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಿ ‘ನಮ್ಮ ಮಕ್ಕಳು ಡಾಕ್ಟರ್ ಆಗಲು ಅಷ್ಟು ದೂರ ಯಾಕೆ ಹೋಗಬೇಕಾಗಿದೆ’ ಎಂದು ಕೇಳಿದ್ದರೆ ಅದು ಒಳ್ಳೆಯ ಚರ್ಚೆ ಆಗುತ್ತಿತ್ತು. ಮಾತು ಅದೇ, ಕೇಳುವ ರೀತಿ ಬೇರೆ.

ನಮಗೂ ಇನ್ನು ಸ್ವಲ್ಪ ದಿನದಲ್ಲಿ ಫೋನು ಬರುತ್ತದೆ. ಕೆಲವರಿಗೆ ಈಗಾಗಲೇ ಬಂದಿದೆ, ಗುರುಗಳಿಗೆ ಹೇಳಿಲ್ಲ ಅಷ್ಟೆ. ಆದ್ದರಿಂದ ನಮ್ಮ ತರಗತಿಗೆ ಕೆಲವು ನಿಯಮಗಳನ್ನು ಸೂಚಿಸುತ್ತೇನೆ.

1. ಮೊದಲು ಲೆಕ್ಕ, ಆಮೇಲೆ ಮಾತು. ವಿಷಯದ ಅಳತೆ ಗೊತ್ತಿಲ್ಲದಿದ್ದರೆ ಕೇಳಿ ತಿಳಿಯಬೇಕು. ಕೇಳುವುದು ಅವಮಾನವಲ್ಲ.

2. ಫೋಟೋ ಅಥವಾ ವಿಡಿಯೋ ಬಂದರೆ ಯಾವ ಊರಿನದು, ಯಾವ ವರ್ಷದ್ದು ಎಂದು ತಿಳಿಯುವ ತನಕ ಮುಂದಕ್ಕೆ ಕಳಿಸಬಾರದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಇದು ಪ್ರತ್ಯಕ್ಷವೂ ಅಲ್ಲ.

3. ಎದುರಿನವರ ವಾದವನ್ನು ಮೊದಲು ನಾವೇ ಹೇಳಬೇಕು. ‘ಹೌದು, ನಾನು ಹೇಳಿದ್ದು ಇದೇ’ ಎಂದು ಅವರು ಒಪ್ಪಿದ ಮೇಲೆ ನಮ್ಮ ಉತ್ತರ.

4. ಮುಖ ನೋಡಿ ಹೇಳಲು ಆಗದ ಮಾತನ್ನು ಬರೆಯಬಾರದು. ನಮ್ಮ ಹೆಸರು ಹಾಕಲು ಹೆದರಿಕೆ ಆದರೆ ಆ ಮಾತಿನಲ್ಲಿ ಏನೋ ಐಬು ಇದೆ ಎಂದು ತಿಳಿಯಬೇಕು. ಬಡವರು ದೊಡ್ಡವರ ಅನ್ಯಾಯ ಹೇಳುವಾಗ ಹೆಸರು ಮುಚ್ಚಬೇಕಾಗಬಹುದು, ಅದು ಬೇರೆ.

5. ಬರೆಯುವ ಮುಂಚೆ ‘ಇದರ ಏಟು ಯಾರಿಗೆ ಬೀಳುತ್ತದೆ’ ಎಂದು ಕೇಳಿಕೊಳ್ಳಬೇಕು. ನಮಗೇ ಬಿದ್ದರೆ ಧೈರ್ಯವಾಗಿ ಬರೆಯೋಣ. ದಾರಿಯಲ್ಲಿರುವ ಯಾರೋ ಲಾರಿಯವರಿಗೆ ಬೀಳುವುದಾದರೆ ಅದು ಧೈರ್ಯವಲ್ಲ.

ಗುರುಗಳಲ್ಲಿ ಒಂದು ವಿನಂತಿ. ಶನಿವಾರದ ಚರ್ಚಾ ಸ್ಪರ್ಧೆಯಲ್ಲಿ ಪರ ಮಾತಾಡಿದವರೇ ಮುಂದಿನ ವಾರ ವಿರೋಧ ಮಾತಾಡಬೇಕು ಎಂದು ಮಾಡಿಸಿ. ಮೊದಲ ವಿಷಯ ಕಾವೇರಿಯೇ ಆಗಲಿ. ಅರ್ಧ ತರಗತಿ ಮಂಡ್ಯದ ರೈತರು, ಅರ್ಧ ತರಗತಿ ತಂಜಾವೂರಿನ ರೈತರು. ಆ ಕಡೆ ಮೆಟ್ಟೂರು ಕಟ್ಟೆಯಿಂದ ಜೂನ್ 12ಕ್ಕೆ ನೀರು ಬಿಡುವ ವಾಡಿಕೆ ಇದೆ, ಅದನ್ನು ನಂಬಿ ಕುರುವೈ ಎಂಬ ಭತ್ತ ಹಾಕುತ್ತಾರೆ. ತಂಜಾವೂರಿನ ರೈತನಾದ ಹುಡುಗ ಇದನ್ನೆಲ್ಲ ಓದಿಕೊಂಡು ಬರಬೇಕು. ಕಟ್ಟೆ ತುಂಬಿರುವಾಗಲೇ ಇದನ್ನು ಮಾಡೋಣ. ಹುಡುಗಿಯರಿಗೆ ಅರ್ಧ ಸಮಯ ಕೊಡಬೇಕು ಎಂದೂ ಕೇಳಿಕೊಳ್ಳುತ್ತೇನೆ.

ನನ್ನ ಅಭಿಪ್ರಾಯ ಎಲ್ಲರೂ ಒಪ್ಪಬೇಕು ಎಂದಿಲ್ಲ. ಈ ಹಾಳೆಯ ಕೆಳಗೆ ಮುಕ್ಕಾಲು ಅಡಿ ಜಾಗ ಖಾಲಿ ಬಿಟ್ಟಿದ್ದೇನೆ. ಒಪ್ಪದವರು ಅಲ್ಲಿ ಪೆನ್ಸಿಲಿನಲ್ಲಿ ಬರೆಯಿರಿ. ಹೆಸರು ಮತ್ತು ತರಗತಿ ಹಾಕಿ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಓದಿ ಉತ್ತರ ಹೇಳುತ್ತೇನೆ, ಅಲ್ಲೇ ನಿಂತಿರಿ.

ಇಂತಿ ನಿಮ್ಮ ಸಹಪಾಠಿ,
ಏಳನೇ ತರಗತಿ ವಿದ್ಯಾರ್ಥಿನಿ